ಪಿಕಪ್‌ಗೆ ವಿಂಚ್ ಹಾಕಿಸಬೇಕಾ? ಮೊದಲು ಗಾಡಿ ಹೂತುಹೋದ ಲೆಕ್ಕ ಬರೀರಿ

ಎರಡು ವರ್ಷದ ಹಿಂದೆ, ಆಗಸ್ಟ್ ಕೊನೆ ವಾರ. ಗೊರೂರಿನ ಹತ್ತಿರ ನಮ್ಮ ಹೊಲದಲ್ಲಿ ಆಲೂಗಡ್ಡೆ ಕೀಳ್ತಾ ಇದ್ವಿ. ಮೂರು ದಿನ ಬಿಡದೆ ಮಳೆ. ಕಿತ್ತ ಗಡ್ಡೆ ಇನ್ನೊಂದು ದಿನ ಒದ್ದೆಯಲ್ಲಿದ್ರೆ ಕೊಳೆಯುತ್ತೆ ಅನ್ನೋ ಆತುರಕ್ಕೆ ಪಿಕಪ್‌ನ ಹೊಲದೊಳಕ್ಕೇ ಇಳಿಸಿ, 50 ಕೆಜಿಯ 26 ಮೂಟೆ ತುಂಬಿಸಿದೆ. ಹೊರಟು ಇಪ್ಪತ್ತು ಮಾರು ಹೋಗಿಲ್ಲ, ಹಿಂದಿನ ಚಕ್ರ ಗುಂಬದವರೆಗೆ ಹೂತುಹೋಯ್ತು. ನಮ್ಮದು ಫೋರ್ ವೀಲ್ ಡ್ರೈವ್ ಗಾಡಿ. ಆದ್ರೂ ನಾಲ್ಕೂ ಚಕ್ರ ನಿಂತಲ್ಲೇ ಸುತ್ತಿದವು.

ಚಿಕ್ಕಪ್ಪ ಟ್ರ್ಯಾಕ್ಟರ್ ತಂದ್ರು. ಇದ್ದ ಹಳೇ ಸರಪಳಿ ಕಟ್ಟಿ ಒಂದೇ ಸಲಕ್ಕೆ ಜಗ್ಗಿದ್ರು. ಸರಪಳಿ ತುಂಡಾಗಿ, ಕೊಕ್ಕೆ ಹಾರಿ ಬಂದು ಪಿಕಪ್‌ನ ಮುಂದಿನ ಗಾಜು ಒಡೀತು. ಆ ಗಾಜಿನ ಪಕ್ಕದಲ್ಲೇ ಒಂದು ನಿಮಿಷದ ಹಿಂದೆ ನನ್ನ ತಮ್ಮ ನಿಂತಿದ್ದ. ಮೂಟೆ ಕಟ್ಟೋ ದಾರ ತರೋಕೆ ಅಂತ ಆ ಕಡೆ ಹೋಗಿದ್ದ, ಅಷ್ಟೇ.

ಆ ರಾತ್ರಿ ಫೋನ್ ಹಿಡ್ಕೊಂಡು ಕೂತು ವಿಂಚ್ ಹುಡುಕಿದೆ. ನಿಮ್ಮಲ್ಲೂ ಬಹಳ ಜನ ಹುಡುಕಿರ್ತೀರಿ. ಸಕಲೇಶಪುರದ ಕಡೆ ಜೀಪ್‌ಗಳು ಕೆಸರಿಂದ ತಾವೇ ಎಳ್ಕೊಂಡು ಮೇಲೆ ಬರೋ ವಿಡಿಯೋ ನೋಡಿದ್ರೆ ಯಾರಿಗೆ ಆಸೆ ಆಗಲ್ಲ? ನಾನು ಕೊಟೇಶನ್ ಕೂಡ ತಗೊಂಡೆ: ವಿಂಚ್ 42 ಸಾವಿರ, ಕೂರಿಸೋ ಪ್ಲೇಟು, ಬಂಪರ್, ಫಿಟ್ಟಿಂಗ್ 18 ಸಾವಿರ, ದೊಡ್ಡ ಬ್ಯಾಟರಿ 9 ಸಾವಿರ. ಒಟ್ಟು 69 ಸಾವಿರ. ಅಡ್ವಾನ್ಸ್ ಕೊಡೋಕೆ ಹೊರಟಿದ್ದವನು ಕೊನೆಗೆ ಕೊಡಲಿಲ್ಲ. ಯಾಕೆ ಅಂತ ಈ ವಾರ ಹೇಳ್ತೀನಿ. ನಿಮ್ಮ ಹೊಲ ಬೇರೆ ಥರ ಇದ್ರೆ ನಿಮ್ಮ ತೀರ್ಮಾನವೂ ಬೇರೆ ಆಗಬಹುದು. ಲೆಕ್ಕ ಹಾಕೋ ದಾರಿ ಮಾತ್ರ ಎಲ್ಲರಿಗೂ ಒಂದೇ.

ಎಷ್ಟು ಎಳೆಯೋ ಶಕ್ತಿ ಬೇಕು?

ಗಾಡಿ ಹೂತಾಗ ಅದನ್ನ ಎಳೆಯೋಕೆ ಎಷ್ಟು ಬಲ ಬೇಕು ಅನ್ನೋದಕ್ಕೆ ಮಿಲಿಟರಿ ವಾಹನ ಎಳೆಯೋರು ಬಳಸೋ ಒಂದು ಸುಲಭದ ಅಂದಾಜಿದೆ:

- ಚಕ್ರದ ಗುಂಬದವರೆಗೆ ಕೆಸರಿದ್ರೆ ಗಾಡಿಯ ಒಟ್ಟು ತೂಕದಷ್ಟು ಬಲ ಬೇಕು.
- ಗುಂಬ ದಾಟಿ ಮಡ್‌ಗಾರ್ಡ್‌ವರೆಗೆ ಬಂದ್ರೆ ತೂಕದ ಎರಡರಷ್ಟು.
- ಬಾಡಿಯೇ ಕೆಸರಲ್ಲಿ ಕೂತ್ರೆ ಮೂರರಷ್ಟು.

ನನ್ನ ಪಿಕಪ್ ಖಾಲಿ ಸುಮಾರು 1,700 ಕೆಜಿ. ಮೂಟೆ 1,300 ಕೆಜಿ. ಒಟ್ಟು 3 ಟನ್. ಗುಂಬದವರೆಗೆ ಹೂತಿದ್ದಕ್ಕೇ 3 ಟನ್ ಬಲ ಬೇಕಿತ್ತು.

ಅಂಗಡಿಯವರು ತೋರಿಸಿದ ವಿಂಚ್ 9,500 ಪೌಂಡ್‌ದು, ಅಂದ್ರೆ ಸುಮಾರು 4,300 ಕೆಜಿ. ಗಾಡಿಯ ಒಟ್ಟು ತೂಕದ ಒಂದೂವರೆಯಷ್ಟು ಸಾಮರ್ಥ್ಯದ ವಿಂಚ್ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಅಲ್ಲಿಗೆ ಸರಿಹೋಯ್ತು ಅನ್ಕೊಂಡೆ. ಆದ್ರೆ ಆ 4,300 ಕೆಜಿ ಸಿಗೋದು ಡ್ರಮ್ ಮೇಲೆ ಒಂದೇ ಸುತ್ತಿನ ಪದರ ಹಗ್ಗ ಉಳಿದಿದ್ದಾಗ. ಮೇಲೆ ಪದರ ಹೆಚ್ಚಾದಷ್ಟೂ, ಪ್ರತಿ ಪದರಕ್ಕೆ ನೂರಕ್ಕೆ ಹತ್ತರಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚೋ ಬಲ ಕಡಿಮೆ ಆಗುತ್ತೆ. ಹತ್ತಿರದ ಮರಕ್ಕೆ ಕಟ್ಟಿ, ಹಗ್ಗ ಬಹುಪಾಲು ಡ್ರಮ್ ಮೇಲೇ ಇದ್ರೆ 3 ಟನ್ ಎಳೆಯೋದೇ ಕಷ್ಟ.

ಈಗ ಇನ್ನೊಂದು ಕಡೆಯಿಂದ ನೋಡಿ. 26 ಮೂಟೆ ಇಳಿಸಿದ್ರೆ 3 ಟನ್ ಇದ್ದದ್ದು 1.7 ಟನ್ ಆಗುತ್ತೆ. ನಾಲ್ಕು ಜನಕ್ಕೆ ಅರ್ಧ ಗಂಟೆ ಕೆಲಸ. ಎಲ್ಲಕ್ಕಿಂತ ಅಗ್ಗದ ವಿಂಚ್ ಇದೇ. ಮಳೆಯಲ್ಲಿ ಮೂಟೆ ಇಳಿಸೋಕೆ ಬೇಜಾರಾಗಿ ನಾವು ಸರಪಳಿ ಹುಡುಕ್ತೀವಿ.

ಬ್ಯಾಟರಿಯ ವಿಷಯ

ಎಲೆಕ್ಟ್ರಿಕ್ ವಿಂಚ್ ಪೂರ್ತಿ ಬಲದಲ್ಲಿ ಎಳೆಯುವಾಗ 12 ವೋಲ್ಟ್‌ನಲ್ಲಿ 400 ಆಂಪಿಯರ್‌ವರೆಗೂ ಕರೆಂಟ್ ಎಳೀಬಹುದು. ನಮ್ಮ ಗಾಡಿಗಳ ಆಲ್ಟರ್ನೇಟರ್ ಕೊಡೋದು 100 ಆಂಪಿಯರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು. ಅದಕ್ಕೇ ಇಂಜಿನ್ ಆನ್ ಇಟ್ಟೇ ಎಳೀಬೇಕು, ಒಂದು ನಿಮಿಷ ಜೋರಾಗಿ ಎಳೆದ ಮೇಲೆ ಮೋಟಾರ್ ತಣ್ಣಗಾಗೋಕೆ ಬಿಡಬೇಕು. ಹಳೇ ಬ್ಯಾಟರಿ ಇರೋ ಗಾಡಿಗೆ ವಿಂಚ್ ಹಾಕಿಸಿದ್ರೆ, ಕೆಸರಲ್ಲಿ ಹೂತ ಗಾಡಿ ಸ್ಟಾರ್ಟೂ ಆಗದೆ ನಿಲ್ಲುತ್ತೆ.

ಜೊತೆಗೆ ವಿಂಚು, ಪ್ಲೇಟು ಸೇರಿ ಮುಂಭಾಗಕ್ಕೆ ಸುಮಾರು 60 ಕೆಜಿ ಕೂರುತ್ತೆ. ವರ್ಷದ 365 ದಿನವೂ ಅದನ್ನ ಹೊತ್ಕೊಂಡು ಓಡಾಡಬೇಕು.

ನನ್ನ ಹನ್ನೊಂದು ಸಲದ ಪಟ್ಟಿ

ಅಡ್ವಾನ್ಸ್ ಕೊಡೋ ಹಿಂದಿನ ದಿನ ಚಿಕ್ಕಪ್ಪ ಒಂದು ಮಾತು ಕೇಳಿದ್ರು: "ಲೋ, ಅರವತ್ತೊಂಬತ್ತು ಸಾವ್ರ ಸುರೀತೀಯಲ್ಲ, ವರ್ಸಕ್ಕೆ ಎಷ್ಟು ಸತಿ ಊತ್ಕೊತದೆ ನಿನ್ ಗಾಡಿ? ಎಲ್ಲೆಲ್ಲಿ ಊತ್ಕೊತದೆ? ಅದೇಳು ಮೊದ್ಲು."

ನನಗೆ ಹೇಳೋಕೆ ಆಗಲಿಲ್ಲ. ಆಮೇಲೆ ತಮ್ಮನ ಜೊತೆ ಕೂತು, ಫೋನಲ್ಲಿದ್ದ ಫೋಟೋಗಳ ತಾರೀಖು ನೋಡಿ, ಹಿಂದಿನ ಮೂರು ವರ್ಷದ್ದು ಪಟ್ಟಿ ಮಾಡಿದೆ. ಒಟ್ಟು ಹನ್ನೊಂದು ಸಲ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಹಾಕ್ಕೊಂಡೆ.

1. ಎಲ್ಲಿ? ಹನ್ನೊಂದರಲ್ಲಿ ಏಳು ಸಲ ಒಂದೇ ಜಾಗ, ನಮ್ಮ ಹೊಲದ ಬಾಯಿ. ನಾಲೆಗೆ ನೀರು ಬಿಟ್ಟ ಮೇಲೆ ಸೋರಿಕೆ ನೀರು ಬಂದು ಅಲ್ಲಿ ಜೌಗು ನಿಲ್ಲುತ್ತೆ.

2. ಯಾವ ದಿಕ್ಕಿಗೆ ಎಳೆದು ತೆಗೆದ್ವಿ? ಎಂಟು ಸಲ ಹಿಂದಕ್ಕೆ. ಇದು ನನಗೆ ಹೊಳೆದೇ ಇರಲಿಲ್ಲ. ಹೊಲಕ್ಕೆ ಇಳಿಯುವಾಗ ಹೂತ ಗಾಡಿಗೆ ಗಟ್ಟಿ ನೆಲ ಇರೋದು ಹಿಂದೆ, ಬಂದ ಜಾಡಿನಲ್ಲೇ. ಬಂಪರ್‌ನಲ್ಲಿ ಕೂರಿಸಿದ ವಿಂಚ್ ಎಳೆಯೋದು ಮುಂದಕ್ಕೆ, ಇನ್ನೂ ಕೆಸರಿನ ಕಡೆಗೆ.

3. ಕಟ್ಟೋಕೆ ಏನಿತ್ತು? ಮೂರು ಸಲ ಮಾತ್ರ ಹಗ್ಗಕ್ಕೆ ಎಟುಕೋ ದೂರದಲ್ಲಿ ಗಟ್ಟಿ ಮರ ಇತ್ತು. ಆಲೂಗಡ್ಡೆ ಹೊಲದ ಮಧ್ಯೆ ಮರ ಎಲ್ಲಿಂದ ಬರಬೇಕು? ವಿಂಚ್ ಎಷ್ಟೇ ದೊಡ್ಡದಿರಲಿ, ಕಟ್ಟೋಕೆ ಏನೂ ಇಲ್ಲದಿದ್ರೆ ಅದು ಸುಮ್ಮನೆ ಭಾರ.

4. ಸಹಾಯ ಎಷ್ಟು ಹೊತ್ತಿಗೆ ಬಂತು? ಒಂಬತ್ತು ಸಲ ಅರ್ಧ ಗಂಟೆಯೊಳಗೆ ಯಾರದ್ದೋ ಟ್ರ್ಯಾಕ್ಟರ್ ಸಿಕ್ತು. ನಿಜವಾಗ್ಲೂ ಒಬ್ಬನೇ ಸಿಕ್ಕಾಕಿಕೊಂಡದ್ದು ಎರಡೇ ಸಲ.

ಪಟ್ಟಿ ನೋಡಿದ ಮೇಲೆ ಅಡ್ವಾನ್ಸ್ ದುಡ್ಡು ಜೇಬಲ್ಲೇ ಉಳೀತು.

ಕಾನೂನು, ಇನ್ಶೂರೆನ್ಸ್

ವಿಂಚ್ ಹಾಕಿಸಲೇಬೇಕು ಅನ್ನೋರು ಇದನ್ನೂ ಓದಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿಯನ್ನ ಮಾರ್ಪಾಡು ಮಾಡುವಂತಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಬುಲ್ ಬಾರ್ ಮತ್ತು ಕ್ರ್ಯಾಶ್ ಗಾರ್ಡ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಮುಂದಕ್ಕೆ ಚಾಚಿದ ಕಬ್ಬಿಣ ದಾರಿಹೋಕರಿಗೂ ಅಪಾಯ, ಏರ್‌ಬ್ಯಾಗ್ ಇರೋ ಗಾಡಿಯಲ್ಲಿ ಅದರ ಕೆಲಸಕ್ಕೂ ಅಡ್ಡಿ. ಹಾಗಾಗಿ ಫಿಟ್ಟಿಂಗ್ ಅಂಗಡಿಯವರು "ಏನೂ ಆಗಲ್ಲ ಬಿಡಿ" ಅಂದದ್ದನ್ನ ನಂಬ್ಕೊಂಡು ಕೂರಬೇಡಿ. ಮೊದಲು ಹಾಸನದ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ. ತಿಳಿಸದೆ ಮಾಡಿಸಿದ ಮಾರ್ಪಾಡು ಕ್ಲೇಮ್ ಟೈಮಲ್ಲಿ ತಕರಾರಿಗೆ ಕಾರಣ ಆಗಬಹುದು.

ಹಾಗಾದ್ರೆ ನಾನು ಮಾಡಿದ್ದೇನು?

ಮೊದಲ ಕೆಲಸ, ಹೊಲದ ಬಾಯಿ ಸರಿ ಮಾಡಿಸಿದೆ. ಸೋರಿಕೆ ನೀರು ಹೋಗೋಕೆ ಒಂದು ಪೈಪ್ ಇಟ್ಟು, ಮೇಲೆ ದಪ್ಪ ಕಲ್ಲು, ಅದರ ಮೇಲೆ ಗ್ರಾವೆಲ್ ಹಾಕಿಸಿದೆ. ನಾಲ್ಕು ಟ್ರ್ಯಾಕ್ಟರ್ ಲೋಡು, ಕೂಲಿ ಸೇರಿ 14 ಸಾವಿರ. ಹನ್ನೊಂದರಲ್ಲಿ ಏಳು ಅಲ್ಲಿಗೇ ಮುಗೀತು.

ಎರಡನೇದು, ಮಳೆಗಾಲದಲ್ಲಿ ಪಿಕಪ್ ಹೊಲಕ್ಕೆ ಇಳಿಸೋದು ನಿಲ್ಲಿಸಿದೆ. ಮೂಟೆ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ರಸ್ತೆಗೆ ಬರುತ್ತೆ, ಪಿಕಪ್ ರಸ್ತೆಯಲ್ಲೇ ತುಂಬಿಸ್ಕೊಂಡು ಹಾಸನದ ಎಪಿಎಂಸಿಗೆ ಹೋಗುತ್ತೆ.

ಮೂರನೇದು, ಉಳಿದ ಸಂದರ್ಭಕ್ಕೆ ಕೈ ವಿಂಚ್ ತಗೊಂಡೆ. ಲಿವರ್ ಹಿಂದೆ ಮುಂದೆ ಆಡಿಸಿದ್ರೆ ಸ್ಟೀಲ್ ರೋಪ್ ಸ್ವಲ್ಪ ಸ್ವಲ್ಪವೇ ಎಳ್ಕೊಳ್ಳೋ ಯಂತ್ರ, ಟಿರ್ಫಾರ್ ಅಂತ ಕೇಳಿದ್ರೆ ಮರದ ಕೆಲಸದೋರು ತೋರಿಸ್ತಾರೆ. ನನ್ನದು 1.6 ಟನ್‌ದು. ರೋಪ್‌ನ ಒಂದು ಪುಲ್ಲಿ ಮೂಲಕ ತಿರುಗಿಸಿ ತಂದ್ರೆ ಎಳೆಯೋ ಬಲ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ. ನಿಧಾನ ಹೌದು, ಹತ್ತು ಮೀಟರ್‌ಗೆ ಬೆವರಿಳಿಯುತ್ತೆ. ಆದ್ರೆ ಗಾಡಿಯ ಹಿಂದೆಯೂ ಕಟ್ಟಬಹುದು, ಮುಂದೆಯೂ ಕಟ್ಟಬಹುದು. ಬ್ಯಾಟರಿ ಬೇಡ, ಗಾಡಿಗೆ ತೂತು ಕೊರೆಯೋದೂ ಬೇಡ. ಮರ ಇಲ್ಲದ ಕಡೆ, ಎಳೆಯೋ ದಿಕ್ಕಿಗೆ ಅಡ್ಡಲಾಗಿ ಮೂರಡಿ ಆಳದ ಗುಂಡಿ ತೋಡಿ, ದಪ್ಪ ಮರದ ದಿಮ್ಮಿ ಹೂತು ಅದಕ್ಕೆ ಕಟ್ಟಿದ್ದೀನಿ.

ಜೊತೆಗೆ ಗಾಡಿಯಲ್ಲಿ ಯಾವಾಗ್ಲೂ ಇರೋದು: ಒಂದು ಸನಿಕೆ, ಎರಡು ಗಟ್ಟಿ ಹಲಗೆ, ಮರಕ್ಕೆ ಸುತ್ತೋ ಅಗಲದ ಬೆಲ್ಟು, ಎರಡು ಡಿ ಶ್ಯಾಕಲ್, ಟೈರ್‌ಗೆ ಗಾಳಿ ತುಂಬೋ ಸಣ್ಣ ಕಂಪ್ರೆಸರ್. ಲೋಡ್ ಇಳಿಸಿದ ಮೇಲೆ ಟೈರ್ ಗಾಳಿ ಅರ್ಧದಷ್ಟು ಕಡಿಮೆ ಮಾಡಿದ್ರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತೆ, ಎಷ್ಟೋ ಸಲ ಅಷ್ಟಕ್ಕೇ ಗಾಡಿ ಮೇಲೆ ಬರುತ್ತೆ. ಟಾರ್ ರಸ್ತೆಗೆ ಹತ್ತೋ ಮುಂಚೆ ಮರೀದೆ ತುಂಬಿಸಬೇಕು.

ಯಾರಿಗೆ ಎಲೆಕ್ಟ್ರಿಕ್ ವಿಂಚ್ ಬೇಕು?

ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ನಮ್ಮ ನೆಂಟರೊಬ್ಬರ ಜೀಪ್‌ಗೆ ವಿಂಚ್ ಇದೆ, ಅವರಿಗೆ ಅದು ಸರಿಯೇ. ಇಳಿಜಾರು ದಾರಿ, ಎರಡೂ ಕಡೆ ಗಟ್ಟಿ ಮರ, ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ಮರ ಎಳೆಯೋ ಕೆಲಸ, ಹತ್ತಿರದಲ್ಲಿ ಟ್ರ್ಯಾಕ್ಟರ್ ಇಲ್ಲ, ಬಹಳ ಸಲ ಒಬ್ಬರೇ ಓಡಾಟ. ನಿಮ್ಮ ಪಟ್ಟಿಯಲ್ಲೂ ಇವೇ ಉತ್ತರ ಬಂದ್ರೆ ಹಾಕಿಸಿ. ಇಲ್ಲಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಬಯಲು ಹೊಲದೋರಿಗೆ ಹೆಚ್ಚಾಗಿ ಬೇಕಿರೋದು ದಾರಿಗೆ ಕಲ್ಲು.

ಇನ್ನೊಂದು ಜಾಗ ಹೇಳಬೇಕು, ಹೇಮಾವತಿ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚ್ ಸುತ್ತ ನೆಲ ಬಿರುಕು ಬಿಟ್ಟು ಒಣಗಿದ ಹಾಗೆ ಕಾಣುತ್ತೆ. ಮೇಲಿನ ಒಂದು ಗೇಣು ಮಾತ್ರ ಒಣಗಿರುತ್ತೆ, ಕೆಳಗೆ ಹೂಳು ಮೆತ್ತಗೇ ಇರುತ್ತೆ. ಅಂಥ ಬಯಲಲ್ಲಿ ಮರವೂ ಇಲ್ಲ, ಇಳಿದ ಟ್ರ್ಯಾಕ್ಟರೂ ಹೂಳುತ್ತೆ. ಕೋಲು ಚುಚ್ಚಿ ನೋಡದೆ ಗಾಡಿ ಇಳಿಸಬೇಡಿ.

ಎಳೆಯುವಾಗ ಇಷ್ಟು ತಪ್ಪಿಸಬೇಡಿ

ವಿಂಚ್ ತಗೊಳ್ಳಿ ಬಿಡಿ, ಈ ಭಾಗ ಮಾತ್ರ ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸೋ ಎಲ್ಲರಿಗೂ ಓದಿ ಹೇಳಿ.

- ಜಗ್ಗಬೇಡಿ. ಸಡಿಲ ಬಿಟ್ಟು ಒಮ್ಮೆಲೇ ಎಳೆದ್ರೆ ಸರಪಳಿ ಮೇಲೆ ಗಾಡಿಯ ತೂಕದ ಹಲವು ಪಟ್ಟು ಹೊಡೆತ ಬೀಳುತ್ತೆ. ಮೊದಲು ಸಡಿಲ ತೆಗೆದು, ಆಮೇಲೆ ಮೆಲ್ಲಗೆ ಎಳೀರಿ.
- ಟ್ರ್ಯಾಕ್ಟರ್‌ನಲ್ಲಿ ಸರಪಳಿ ಕಟ್ಟೋದು ಕೆಳಗಿನ ಡ್ರಾಬಾರ್‌ಗೆ ಮಾತ್ರ. ಟಾಪ್ ಲಿಂಕ್‌ಗೋ ಆಕ್ಸಲ್‌ಗೋ ಕಟ್ಟಿದ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಡ್ರೈವರ್‌ಗೆ ಹಾರಿಕೊಳ್ಳೋಕೂ ಟೈಮ್ ಇರಲ್ಲ.
- ಪಿಕಪ್‌ನಲ್ಲಿ ಬಂಪರ್‌ಗೆ ಕಟ್ಟಬೇಡಿ, ಚಾಸಿಗೆ ಸೇರಿದ ಕೊಕ್ಕೆಗೆ ಕಟ್ಟಿ.
- ರೋಪ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ತುಂಡಾದ್ರೆ ಹಾರೋ ವೇಗ ತಗ್ಗುತ್ತೆ.
- ರೋಪ್‌ನ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಬಿಗಿಯಾದ ರೋಪ್ ದಾಟೋದಂತೂ ಬೇಡವೇ ಬೇಡ. ಯಂತ್ರ ಆಡಿಸೋನೊಬ್ಬನೇ ಹತ್ತಿರ ಇರಬೇಕು, ಅವನೂ ರೋಪ್‌ನ ನೇರಕ್ಕಲ್ಲ, ಪಕ್ಕಕ್ಕೆ.
- ಸ್ಟೀಲ್ ರೋಪ್ ಮುಟ್ಟುವಾಗ ದಪ್ಪ ಚರ್ಮದ ಗ್ಲೌಸ್ ಇರಲಿ.

ಹೋದ ಮಳೆಗಾಲದಲ್ಲಿ ನನ್ನ ಗಾಡಿ ಎರಡೇ ಸಲ ಹೂತಿತ್ತು. ಎರಡೂ ಸಲ ಮೂಟೆ ಇಳಿಸಿ, ಕೈ ವಿಂಚ್‌ನಲ್ಲಿ ಹಿಂದಕ್ಕೆ ಎಳೆದು ತೆಗೆದ್ವಿ. ಒಂದು ಸಲ ಮುಕ್ಕಾಲು ಗಂಟೆ, ಇನ್ನೊಂದು ಸಲ ಒಂದೂಕಾಲು ಗಂಟೆ ಹಿಡೀತು. ತಮ್ಮ ಲಿವರ್ ಆಡಿಸ್ದ, ಚಿಕ್ಕಪ್ಪ ದೂರದ ಬದುವಿನ ಮೇಲೆ ನಿಂತು ಹೊತ್ತಾಯ್ತು ಅಂತ ಬೈತಾ ಇದ್ರು. ದೂರ ನಿಂತಿದ್ರಲ್ಲ, ನನಗೆ ಅಷ್ಟು ಸಾಕಿತ್ತು.

ಈಗ ನಿಮ್ಮ ಫೋನ್ ತೆಗೀರಿ. ಎಲ್ಲಿ, ಯಾವ ದಿಕ್ಕಿಗೆ, ಕಟ್ಟೋಕೆ ಏನು, ಸಹಾಯ ಎಷ್ಟು ಹೊತ್ತಿಗೆ: ಈ ನಾಲ್ಕು ಪ್ರಶ್ನೆ ನೋಟ್ಸ್‌ನಲ್ಲಿ ಬರ್ಕೊಂಡು, ಈ ಮಳೆಗಾಲ ಪೂರ್ತಿ ಗಾಡಿ ಹೂತಾಗಲೆಲ್ಲ ಉತ್ತರ ತುಂಬಿಸಿ. ದಸರಾ ಹೊತ್ತಿಗೆ ಪಟ್ಟಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.