ಡಾಂಬರ ಗುಳಿಗೆಯಿಂದ ಸೋಪಿನ ಪುಡಿಯವರೆಗೆ

ಬಟ್ಟೆ ಪೆಟ್ಟಿಗೆಯಲ್ಲಿ ಹಿಂದೆಲ್ಲ ಇಡುತ್ತಿದ್ದ ಡಾಂಬರ ಗುಳಿಗೆ ಎಂದರೆ ನ್ಯಾಫ್ತಲೀನ್. ನೀರಿಗೆ ಹಾಕಿದರೆ ಕರಗುವ ಜಾತಿಯದಲ್ಲ. 1826ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆ ಅದನ್ನು ಗಾಢ ಸಲ್ಫ್ಯೂರಿಕ್ ಆಮ್ಲದ ಜೊತೆ ಕಾಸಿದ. ನೀರಿನಲ್ಲಿ ಸಲೀಸಾಗಿ ಕರಗುವ ಹೊಸ ಆಮ್ಲವೊಂದು ಕೈಗೆ ಬಂತು. ಬೇರಿಯಂ ಸೇರಿಸಿ ಅದರ ಲವಣ ತೆಗೆದರೆ ಒಂದರ ಬದಲು ಎರಡು! ಕಾಸಿದಾಗ ಒಂದು ಧಗ್ಗನೆ ಹೊತ್ತಿ ಉರಿಯಿತು, ಇನ್ನೊಂದು ಜ್ವಾಲೆಯೇ ಇಲ್ಲದೆ ಕೆಂಪಗೆ ಕನಲಿತು.

ಬೆಂಜೀನ್ ಉಂಗುರದ ಚಿತ್ರ ಇನ್ನೂ ಯಾರ ತಲೆಯಲ್ಲೂ ಮೂಡಿರದ ಕಾಲವದು. ಎರಡೇಕೆ ಎಂಬುದು ತಿಳಿದದ್ದು ಬಹಳ ತಡವಾಗಿ. ನ್ಯಾಫ್ತಲೀನಿನ ಹೈಡ್ರೋಜನ್ನನ್ನು ಎಬ್ಬಿಸಿ, ಸಲ್ಫ್ಯೂರಿಕ್ ಆಮ್ಲದಿಂದ ಬಂದ ಸಲ್ಫೋನಿಕ್ ಗುಂಪು ಕೂರಬಹುದಾದ ಜಾಗಗಳು ಎರಡು ಬಗೆ. ಸುಮಾರು 80 ಡಿಗ್ರಿಯಲ್ಲಿ ಅದು ಬೇಗ ಸಿಗುವ ಆಲ್ಫಾ ಜಾಗ ಹಿಡಿಯುತ್ತದೆ. 160ಕ್ಕೆ ಏರಿಸಿದರೆ ಅಲ್ಲಿಂದ ಕಳಚಿಕೊಂಡು ಹೆಚ್ಚು ಭದ್ರವಾದ ಬೀಟಾ ಜಾಗ ಸೇರುತ್ತದೆ. ಹೀಗೆ ಕೂತದ್ದು ಮತ್ತೆ ಏಳುವುದು ನೈಟ್ರೋ ಗುಂಪನ್ನು ಕೂರಿಸುವ ನೈಟ್ರೇಷನ್ನಿನಲ್ಲಿ ಕಾಣದ ಗುಣ. ಪಿಯುಸಿ ಪುಸ್ತಕಗಳು ಇಷ್ಟು ಸ್ವಾರಸ್ಯವನ್ನು ಒಂದು ಸಾಲಿನ ಸಮೀಕರಣಕ್ಕೆ ಮುಗಿಸಿಬಿಡುತ್ತವೆ.

1834ರಲ್ಲಿ ಜರ್ಮನಿಯ ಮಿಚರ್ಲಿಖ್ ಬೆಂಜೀನನ್ನೂ ಹೀಗೇ ಒಲಿಸಿದ. ಆಮೇಲೆ ಬಣ್ಣದ ಕಾರ್ಖಾನೆಗಳು ಈ ವಿದ್ಯೆಯಿಂದ ದುಡ್ಡು ಮಾಡಿದವು.

ಬಟ್ಟೆ ತೊಳೆಯುವ ಕೆಲಸಕ್ಕೆ ಈ ವಿದ್ಯೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಬೋರ್‌ವೆಲ್ಲಿನ ಗಡಸು ನೀರಿಗೆ ಸಾಬೂನು ಹಚ್ಚಿದವರಿಗೆ ಗೊತ್ತು: ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಜಿಡ್ಡು ಕೂರುತ್ತದೆ. ನೀರಿನ ಕ್ಯಾಲ್ಸಿಯಂ ಸಾಬೂನನ್ನು ಹಿಡಿದು ಕೆಡವುವುದರಿಂದ ಹಾಗೆ. ಸಲ್ಫೋನಿಕ್ ಆಮ್ಲದ ಲವಣವಾದ ಸಲ್ಫೋನೇಟ್ ಅದಕ್ಕೆ ಅಷ್ಟು ಸುಲಭವಾಗಿ ಸೋಲದು. ಬೆಂಜೀನಿನ ಒಂದು ತುದಿಗೆ ಜಿಡ್ಡನ್ನು ಹಿಡಿಯುವ ಉದ್ದ ಇಂಗಾಲದ ಬಾಲ, ಇನ್ನೊಂದೆಡೆ ನೀರಿಗೆ ಒಗ್ಗುವ ಸಲ್ಫೋನಿಕ್ ಗುಂಪು. ಡಿಟರ್ಜೆಂಟ್ ಅಂದರೆ ಇಷ್ಟೇ. ಮೊದಮೊದಲು ಆ ಬಾಲ ಕವಲು ಕವಲಾಗಿತ್ತು, ಅಗ್ಗದ ಪ್ರೊಪಿಲೀನಿನಿಂದ ಮಾಡಿದ್ದು. ಬ್ಯಾಕ್ಟೀರಿಯಾಗಳಿಗೆ ಆ ಕವಲು ಜಗಿಯಲಾಗಲಿಲ್ಲ. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳ ಮೇಲೆ ನೊರೆ ಗುಡ್ಡೆಗಟ್ಟಿತು. ಜರ್ಮನಿ ಇದರ ವಿರುದ್ಧ 1961ರಲ್ಲಿ ಕಾಯಿದೆ ತಂದಿತು. 1965ರ ಹೊತ್ತಿಗೆ ಅಮೆರಿಕದ ಉದ್ಯಮವೂ ನೇರ ಬಾಲಕ್ಕೆ ಹೊರಳಿತು.

ಸೋಪಿನ ಪುಡಿ ಮಾಡುವ ಸಣ್ಣ ಘಟಕಗಳಿಗೆ ಕ್ಯಾನುಗಳಲ್ಲಿ ಬರುವ ‘ಆಸಿಡ್ ಸ್ಲರಿ’ ಈ ನೇರ ಬಾಲದ್ದೇ. ಕಂದು ಬಣ್ಣದ ಮಂದ ದ್ರವ. ಮೈಗೆ ತಾಗಿದರೆ ಸುಡುತ್ತದೆ. ಸೋಡಾ ಬೆರೆತ ಮೇಲಷ್ಟೇ ಅದು ಪುಡಿಯೊಳಗೆ ಸಾಧುವಾಗುತ್ತದೆ. ನೇರ ಬಾಲವನ್ನು ಬ್ಯಾಕ್ಟೀರಿಯಾ ತಿನ್ನಬಲ್ಲವು ನಿಜ, ಆದರೆ ಅವಕ್ಕೆ ಆಮ್ಲಜನಕ ಬೇಕು. ಕೊಳಚೆ ತುಂಬಿ ಆಮ್ಲಜನಕ ಬತ್ತಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಅದು ಸಿಗಲಿಲ್ಲ. ಕೋಡಿ ಬಿದ್ದ ನೀರು ನೊರೆಯಾಗಿ ರಸ್ತೆಗೇ ಬಂತು.