ನೋಂದಣಿ ಕಚೇರಿಯಲ್ಲಿ ಸಾರ್ವಜನಿಕರ ವೀಕ್ಷಣಾ ಪರದೆ ಖಾಲಿಯಾದಲ್ಲಿ ಅನುಸರಿಸಬೇಕಾದ ಕ್ರಮ

ರಾಜ್ಯದ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ 2003ರಲ್ಲಿ ಕಾವೇರಿ ತಂತ್ರಾಂಶವು ಜಾರಿಗೆ ಬಂದಿತು. 2023ರಿಂದ ಕಾವೇರಿ 2.0 ಮೂಲಕ ದಸ್ತಾವೇಜಿನ ವಿವರಗಳನ್ನು ಅರ್ಜಿದಾರರೇ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಿ, ಶುಲ್ಕ ಪಾವತಿಸಿ, ಸಮಯ ಕಾಯ್ದಿರಿಸುತ್ತಾರೆ. ಗೊತ್ತುಪಡಿಸಿದ ದಿನದಂದು ಕಚೇರಿಯಲ್ಲಿ ಪಕ್ಷಕಾರರ ಭಾವಚಿತ್ರ ಹಾಗೂ ಹೆಬ್ಬೆಟ್ಟಿನ ಗುರುತನ್ನು ಪಡೆಯಲಾಗುತ್ತದೆ. ಆ ವೇಳೆ ವಿವರಗಳನ್ನು ಪಕ್ಷಕಾರರು ಸ್ವತಃ ಓದಿ ನೋಡಲೆಂದು ಸಿಬ್ಬಂದಿಯ ಕಂಪ್ಯೂಟರಿಗೆ ಜೋಡಿಸಿ, ಸಾರ್ವಜನಿಕರತ್ತ ಮುಖ ಮಾಡಿ ಇಡುವ ಎರಡನೆಯ ಪರದೆಯೇ ವೀಕ್ಷಣಾ ಪರದೆ.

ಪರದೆಯ ಮಹತ್ವ

ಬಸವನಗುಡಿ, ಮಲ್ಲೇಶ್ವರ ಹಾಗೂ ಚಾಮರಾಜಪೇಟೆಯಂತಹ ಹಳೆಯ ಬಡಾವಣೆಗಳ ಸ್ವತ್ತುಗಳಿಗೆ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಮುಖ್ಯರಸ್ತೆ, ಅಡ್ಡರಸ್ತೆ ಎಂದು ಹಲವು ಅಂಕಿಗಳಿರುತ್ತವೆ. ಒಂದು ಅಂಕಿ ತಪ್ಪಿದರೂ ಮುಂದೆ ಋಣಭಾರ ಪ್ರಮಾಣ ಪತ್ರದಲ್ಲಿ ಆ ವ್ಯವಹಾರವು ಕಾಣಿಸದೆ ಹೋಗಬಹುದು. ದಸ್ತಾವೇಜಿನಲ್ಲಿಯೇ ತಪ್ಪಿದ್ದಲ್ಲಿ, ನೋಂದಣಿಯಾದ ಬಳಿಕ ಪಕ್ಷಕಾರರು ಪುನಃ ಕೂಡಿ ತಿದ್ದುಪಡಿ ಪತ್ರವನ್ನು ನೋಂದಾಯಿಸಬೇಕಾಗುತ್ತದೆ. ಆದುದರಿಂದ ಪರದೆ ಖಾಲಿಯಾಗಿರುವುದನ್ನು ಅಲಕ್ಷಿಸಬಾರದು.

ದೋಷವನ್ನು ಗುರುತಿಸುವ ಬಗೆ

1. ಪರದೆಯ ಅಂಚಿನ ಸಣ್ಣ ದೀಪವೂ ಉರಿಯದಿದ್ದಲ್ಲಿ ವಿದ್ಯುತ್ ಪೂರೈಕೆಯ ದೋಷವೆಂದು ತಿಳಿಯಬಹುದು. ಪ್ಲಗ್, ಸ್ವಿಚ್ ಹಾಗೂ ಯುಪಿಎಸ್‌ಗಳನ್ನು ಸಿಬ್ಬಂದಿಯು ಪರಿಶೀಲಿಸುತ್ತಾರೆ.

2. ದೀಪ ಉರಿಯುತ್ತಿದ್ದು "ನೋ ಸಿಗ್ನಲ್" ಎಂಬ ಸೂಚನೆ ಬಂದಲ್ಲಿ, ಕೇಬಲ್ ಸಡಿಲವಾಗಿರಬಹುದು ಅಥವಾ ಪರದೆಯಲ್ಲಿ ಬೇರೆ ಇನ್‌ಪುಟ್ ಆಯ್ಕೆಯಾಗಿರಬಹುದು.

3. ಸಿಬ್ಬಂದಿಯ ಪರದೆಯಲ್ಲಿ ವಿವರಗಳಿದ್ದು, ಸಾರ್ವಜನಿಕರ ಪರದೆಯಲ್ಲಿ ಬರಿಯ ಹಿನ್ನೆಲೆ ಮಾತ್ರ ಕಾಣುತ್ತಿದ್ದಲ್ಲಿ, ಎರಡೂ ಪರದೆಗಳಲ್ಲಿ ಒಂದೇ ದೃಶ್ಯ ತೋರಿಸುವ ಆಯ್ಕೆಯು ಬದಲಾಗಿರುವ ಸಂಭವವಿದೆ. ಇದನ್ನು ಕಂಪ್ಯೂಟರಿನಲ್ಲಿಯೇ ಸರಿಪಡಿಸಬಹುದು.

4. ಎರಡೂ ಪರದೆಗಳಲ್ಲಿ ನಮೂನೆ ಕಾಣುತ್ತಿದ್ದು ವಿವರಗಳು ಮಾತ್ರ ಬಾರದಿದ್ದಲ್ಲಿ ದೋಷವು ಪರದೆಯದಲ್ಲ. ಜಾಲ ಸಂಪರ್ಕ ಅಥವಾ ಸರ್ವರ್‌ಗೆ ಸಂಬಂಧಿಸಿದ್ದು. ಇಂತಹ ಸಂದರ್ಭದಲ್ಲಿ ಸಂಪರ್ಕ ಮರಳುವವರೆಗೆ ಕಾಯಬೇಕಾಗುತ್ತದೆ.

ಕ್ರಮಸಂಖ್ಯೆಯನ್ನು ಧ್ವನಿಯೊಡನೆ ತೋರಿಸುವ ಟೋಕನ್ ಫಲಕವಿರುವ ಕಡೆ, ಫಲಕ ಖಾಲಿಯಾಗಿದ್ದರೂ ಧ್ವನಿಯು ಸರದಿಯಂತೆ ಕೇಳಿಬರುತ್ತಿದ್ದಲ್ಲಿ ಸರದಿ ನಡೆಯುತ್ತಿದೆ ಎಂದೇ ಅರ್ಥ. ಅರ್ಜಿದಾರರು ಸ್ಥಳ ಬಿಟ್ಟು ತೆರಳದೆ ಧ್ವನಿಯನ್ನು ಆಲಿಸತಕ್ಕದ್ದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಉಪಕರಣ ಹಾಗೂ ತಂತಿಗಳನ್ನು ಸ್ವತಃ ಮುಟ್ಟದೆ, ಕಂಡುದನ್ನು ಸಿಬ್ಬಂದಿಗೆ ತಿಳಿಸಬೇಕು. ದೀಪ ಉರಿಯುತ್ತಿದೆಯೇ, ಯಾವ ಸೂಚನೆ ಬಂದಿದೆ ಎಂಬುದನ್ನು ಹೇಳಿದಲ್ಲಿ ದುರಸ್ತಿಯು ಶೀಘ್ರವಾಗುತ್ತದೆ.

• ಪರದೆ ಸರಿಯಾಗದಿದ್ದಲ್ಲಿ ಮುದ್ರಿತ ಸಾರಾಂಶ ವರದಿಯನ್ನು ಕೇಳಿ ಓದಬೇಕು. ಹೆಸರು, ಸ್ವತ್ತಿನ ಸಂಖ್ಯೆ, ಅಳತೆ ಹಾಗೂ ಚಕ್ಕುಬಂದಿಗಳನ್ನು ಮೂಲಪತ್ರದೊಡನೆ ತಾಳೆ ನೋಡಿದ ನಂತರವೇ ಸಹಿ ಮತ್ತು ಹೆಬ್ಬೆಟ್ಟಿನ ಗುರುತು ನೀಡುವುದು.

• ಅಕ್ಷರ ಓದಲು ಕಷ್ಟವಿರುವ ಹಿರಿಯರು ವಿವರಗಳನ್ನು ಓದಿ ಹೇಳುವಂತೆ ಕೋರಬಹುದು.

ಆ ದಿನ ನೋಂದಣಿ ಸಾಧ್ಯವಾಗದಿದ್ದಲ್ಲಿ

1908ರ ನೋಂದಣಿ ಕಾಯ್ದೆಯ ಕಲಂ 23ರ ಪ್ರಕಾರ, ಉಯಿಲು ಹೊರತುಪಡಿಸಿ ಸಾಮಾನ್ಯವಾಗಿ ದಸ್ತಾವೇಜನ್ನು ಬರೆದುಕೊಟ್ಟ ದಿನಾಂಕದಿಂದ 4 ತಿಂಗಳೊಳಗೆ ಹಾಜರುಪಡಿಸಬೇಕು. ಆದ್ದರಿಂದ ಒಂದು ದಿನದ ವಿಳಂಬದಿಂದ ದಸ್ತಾವೇಜು ನಿರರ್ಥಕವಾಗುವುದಿಲ್ಲ. ಅವಧಿ ಮುಗಿಯುತ್ತಾ ಬಂದಿರುವವರು ಮಾತ್ರ ಆ ಸಂಗತಿಯನ್ನು ಉಪನೋಂದಣಾಧಿಕಾರಿಗಳ ಗಮನಕ್ಕೆ ಅಂದೇ ಲಿಖಿತವಾಗಿ ತರುವುದು ಸೂಕ್ತ. ಅನಿವಾರ್ಯ ಕಾರಣದಿಂದ ಅವಧಿ ಮೀರಿದಲ್ಲಿ, ಕಲಂ 25ರಂತೆ ಮತ್ತೆ 4 ತಿಂಗಳವರೆಗಿನ ವಿಳಂಬವನ್ನು ದಂಡ ಸಹಿತ ಮನ್ನಿಸಲು ಜಿಲ್ಲಾ ನೋಂದಣಾಧಿಕಾರಿಗಳಿಗೆ ಅವಕಾಶವಿದೆ. ಈ ದಂಡವು ನೋಂದಣಿ ಶುಲ್ಕದ 10 ಪಟ್ಟನ್ನು ಮೀರುವಂತಿಲ್ಲ.

ಕಾಯಲು ಸಮಯವಿದೆ, ಓದದೆ ಒತ್ತಿದ ಹೆಬ್ಬೆಟ್ಟನ್ನು ಹಿಂಪಡೆಯುವುದು ಸುಲಭವಲ್ಲ. ಸಾರ್ವಜನಿಕರು ಇದನ್ನು ಗಮನದಲ್ಲಿರಿಸಿಕೊಂಡು ಸಹಕರಿಸಬೇಕೆಂದು ಕೋರಲಾಗಿದೆ.