ಕಾರಿಗೆ ಹೊಸ ಟಯರು: ಅಗ್ಗ ಯಾವುದು, ಲಾಭ ಯಾವುದು?

ಮಾರುವ ವಿದ್ಯೆಯಲ್ಲಿ ನಾವು ಬೆಳೆಗಾರರು ಹಿಂದೆ ಬಿದ್ದವರಲ್ಲ. ಅಡಿಕೆಯ ಚೀಲ ಬಿಚ್ಚಿದೊಡನೆ ಖರೀದಿದಾರರು ಕೈಹಾಕಿ ನಾಲ್ಕು ಅಡಿಕೆ ಆರಿಸಿ, ಕತ್ತರಿಸಿ, ಒಳಗಿನ ಬಿಳುಪು ನೋಡುತ್ತಾರೆ. ಪಟೋರ ಎಷ್ಟು, ಉಳ್ಳಿಗಡ್ಡೆ ಎಷ್ಟು, ಕರಿಗೋಟು ಎಷ್ಟು ಎಂದು ಅವರು ಲೆಕ್ಕ ಹಾಕುವಾಗ ನಾವೂ ಎದುರು ನಿಂತು ಒಂದೊಂದು ರೂಪಾಯಿಗೂ ವಾದಿಸುತ್ತೇವೆ. ಕಾಫಿಯಲ್ಲಿ ತೇವಾಂಶ ಹೆಚ್ಚೆಂದರೆ ಮೀಟರನ್ನೇ ಅನುಮಾನಿಸುತ್ತೇವೆ. ಔಟ್‌ಟರ್ನ್ ಕಡಿಮೆಯೆಂದರೆ ಇನ್ನೊಮ್ಮೆ ತೂಗಿಸುತ್ತೇವೆ. ಆದರೆ ಇದೇ ನಾವು ಕಾರಿಗೆ ನಾಲ್ಕು ಟಯರು ಕೊಳ್ಳಲು ಪೇಟೆಗೆ ಹೋದಾಗ ಕೇಳುವುದು ಒಂದೇ ಪ್ರಶ್ನೆ: "ಕೊನೆಗೆ ಎಷ್ಟಕ್ಕೆ ಕೊಡ್ತೀರಿ?"

ಈ ಪ್ರಶ್ನೆಯೊಂದನ್ನೇ ಕೇಳಿ ಕೆಟ್ಟವರಲ್ಲಿ ನಾವೂ ಒಬ್ಬರು. 2022ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನ ಎಂದು, ಪೇಟೆಯ ಅಂಗಡಿಯೊಂದರಲ್ಲಿ ಭಾರಿ ರಿಯಾಯಿತಿಯಲ್ಲಿ ನಾಲ್ಕು ಟಯರು ಹಾಕಿಸಿದೆವು. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಟ್ಟಿದ್ದ ಸಾಲಿನಿಂದಲೇ ತೆಗೆದುಕೊಟ್ಟರು. ಕಪ್ಪಗೆ ಹೊಳೆಯುತ್ತಿದ್ದುದರಿಂದ ನಮಗೆ ಸಂಶಯ ಬರಲಿಲ್ಲ. 2024ರ ಜುಲೈಯಲ್ಲಿ ಮನೆಯವರೊಡನೆ ಘಟ್ಟ ಇಳಿಯುತ್ತಿದ್ದಾಗ ಮುಂದಿನ ಟಯರು ಪಕ್ಕೆಯಲ್ಲಿ ಸೀಳಿ ಒಡೆಯಿತು. ಬಂಡಿ ಕಮರಿಯ ಕಡೆಗೆ ವಾಲದೆ ಗುಡ್ಡದ ಕಡೆಗೆ ವಾಲಿತು, ಅದರಿಂದ ಬದುಕಿದೆವು. ಸ್ಟೆಪ್ನಿ ಹಾಕಲು ಮಳೆಯಲ್ಲಿ ಕುಳಿತಾಗ ಒಡೆದ ಟಯರನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆವು. ಗ್ರಿಪ್ಪು ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ಆದರೆ ಪಕ್ಕೆಯ ತುಂಬ ಒಣಗಿದ ಗದ್ದೆಯಂತೆ ಸಣ್ಣ ಸಣ್ಣ ಬಿರುಕು. ಅಲ್ಲೇ ನಾಲ್ಕು ಅಂಕಿ: 0918. ಅಂದರೆ 2018ರ ಒಂಬತ್ತನೆಯ ವಾರದಲ್ಲಿ ತಯಾರಾದದ್ದು. "ಹೊಸ" ಟಯರೆಂದು ನಾವು ಹಣ ಕೊಟ್ಟ ದಿನವೇ ಅದಕ್ಕೆ ನಾಲ್ಕು ವರ್ಷ ತುಂಬಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆ ಬಳಿಕ ನಾವು ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ತಾರೀಖು ಓದುವ ಕ್ರಮ

ಟಯರಿನ ಪಕ್ಕೆಯಲ್ಲಿ ಉದ್ದನೆಯ ವೃತ್ತದೊಳಗೆ ಉಬ್ಬಿದ ನಾಲ್ಕು ಅಂಕಿಗಳಿರುತ್ತವೆ. ಮೊದಲಿನ ಎರಡು ವಾರ, ನಂತರದ ಎರಡು ವರ್ಷ. 2325 ಎಂದಿದ್ದರೆ 2025ರ 23ನೆಯ ವಾರ, ಅಂದರೆ ಜೂನ್ ತಿಂಗಳು. ಈ ಅಂಕಿ ಹಲವು ಟಯರುಗಳಲ್ಲಿ ಒಂದೇ ಪಕ್ಕದಲ್ಲಿರುತ್ತದೆ. ರಿಮ್ಮಿಗೆ ಏರಿಸಿದ ಮೇಲೆ ಅದು ಒಳಮುಖವಾಗಿಬಿಟ್ಟರೆ ಕಾಣುವುದೇ ಇಲ್ಲ. ಆದ್ದರಿಂದ ಟಯರು ನೆಲದ ಮೇಲಿರುವಾಗಲೇ ನಾಲ್ಕನ್ನೂ ಹೊರಳಿಸಿ ಓದಬೇಕು. ಒಂದನ್ನು ತೋರಿಸಿ ನಾಲ್ಕನ್ನು ಹಾಕುವುದು ಉಂಟು.

ಇಲ್ಲಿ ನಮ್ಮ ಅಡಿಕೆಯ ಅಭ್ಯಾಸ ನಮ್ಮನ್ನು ದಾರಿತಪ್ಪಿಸಬಾರದು. ಚಾಲಿ ಅಡಿಕೆ ಹಳತಾದರೆ ಬೆಲೆ ಹೆಚ್ಚು. ಟಯರು ಹಳತಾದರೆ ಬೆಲೆ ಇಳಿಯಬೇಕು. ರಬ್ಬರಿಗೆ ಗಾಳಿಯ ಆಮ್ಲಜನಕ, ಓಜೋನ್, ಬಿಸಿಲು ಮೂರೂ ಶತ್ರುಗಳು. ಓಡದೆ ಸುಮ್ಮನೆ ಇದ್ದರೂ ಅದು ಗಡುಸಾಗಿ ಬಿರಿಯುತ್ತದೆ. ಸುಳ್ಯ, ಪುತ್ತೂರು ಕಡೆ ರಬ್ಬರ್ ಬೆಳೆಯುವ ಸದಸ್ಯರಿಗೆ ಇದನ್ನು ಹೇಳಬೇಕಾಗಿಲ್ಲ. ಹಾಳೆಯನ್ನು ಬಿಸಿಲಿನಲ್ಲಿ ಬಿಟ್ಟರೆ ಏನಾಗುತ್ತದೆಂದು ಅವರು ಬಲ್ಲರು.

ಆರು ತಿಂಗಳೊಳಗಿನ ಟಯರು ಕೇಳಿರಿ. ನೆರಳಿನ ಗೋದಾಮಿನಲ್ಲಿಟ್ಟದ್ದಾದರೆ ಒಂದು ವರ್ಷದ್ದನ್ನೂ ಕೊಳ್ಳಬಹುದು, ಆದರೆ ಅದಕ್ಕೆ ತಕ್ಕ ರಿಯಾಯಿತಿ ಬೇಕೆಂದು ಹೇಳಿರಿ. ಅದಕ್ಕಿಂತ ಹಳತನ್ನು ಬಿಟ್ಟುಬಿಡುವುದೇ ಲೇಸು. ಹಾಕಿಸಿದ ಟಯರಿಗೆ ಐದು ವರ್ಷ ಕಳೆದರೆ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ತಯಾರಾಗಿ ಹತ್ತು ವರ್ಷವಾದುದನ್ನು, ಗ್ರಿಪ್ಪು ಎಷ್ಟೇ ಇರಲಿ, ತೆಗೆದುಹಾಕಬೇಕು. ಸ್ಟೆಪ್ನಿಗೂ ಇದೇ ನಿಯಮ.

ಉಳಿದ ಅಕ್ಷರಗಳು

ಪಕ್ಕೆಯ ಮೇಲೆ 185/65 R15 88H ಎಂದು ಇದೆಯೆಂದುಕೊಳ್ಳೋಣ. 185 ಎಂಬುದು ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಆ ಅಗಲದ ನೂರಕ್ಕೆ 65 ಭಾಗ ಪಕ್ಕೆಯ ಎತ್ತರ. R ಎಂದರೆ ರೇಡಿಯಲ್, 15 ಎಂದರೆ ರಿಮ್ಮಿನ ಅಂಗುಲ. 88 ಎಂಬುದು ಭಾರದ ಸಂಕೇತ. ಒಂದು ಟಯರು 560 ಕಿಲೋ ಹೊರಬಲ್ಲದು ಎಂದು ಅರ್ಥ. H ವೇಗದ ಸಂಕೇತ, ಗಂಟೆಗೆ 210 ಕಿ.ಮೀ.

ವೇಗದ ಅಕ್ಷರ ನಮ್ಮ ತೋಟದ ದಾರಿಗೆ ತಮಾಷೆಯಾಗಿ ಕಾಣಬಹುದು. ಭಾರದ ಅಂಕಿ ಹಾಗಲ್ಲ. ಹಿಂದಿನ ಸೀಟು ಮಡಚಿ ಗೊಬ್ಬರದ ಚೀಲ, ಒಣ ಅಡಿಕೆ, ಮಿಶನ್ನು ಎಲ್ಲವನ್ನೂ ತುಂಬುವ ನಾವು, ಕಂಪೆನಿ ಹೇಳಿದ ಅಂಕಿಗಿಂತ ಕಡಿಮೆಯ ಟಯರನ್ನು "ಅಳತೆ ಒಂದೇ, ಬೆಲೆ ಕಡಿಮೆ" ಎಂದು ಕೊಟ್ಟರೆ ತೆಗೆದುಕೊಳ್ಳಬಾರದು. ಸರಿಯಾದ ಅಳತೆ ಮತ್ತು ಗಾಳಿಯ ಪ್ರಮಾಣ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡಿರಿ. ಕಾರಿನ ಟಯರಿಗೆ ಅದು ಕಡ್ಡಾಯ.

ಬದಲಿಸುವ ಕಾಲ

ಚಡಿಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಕಾರಿನ ಟಯರು ಮುಗಿಯಿತು. ಚಡಿಗಳ ನಡುವೆ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ; ಗ್ರಿಪ್ಪು ಸವೆದು ಅವುಗಳಿಗೆ ಸಮನಾದಾಗ ಈ ಗಡಿ ಬಂತೆಂದು ತಿಳಿಯಬೇಕು. ಹೊಸ ಕಾರು ಟಯರಿನಲ್ಲಿ ಸುಮಾರು 7ರಿಂದ 8 ಮಿಲಿಮೀಟರು ಆಳವಿರುತ್ತದೆ. ಆದರೆ ಕಾನೂನು ಬಯಲುಸೀಮೆಗೂ ಒಂದೇ, ಆಗುಂಬೆಗೂ ಒಂದೇ. ಚಡಿಯ ಕೆಲಸ ಚಕ್ರದಡಿಯ ನೀರನ್ನು ಹೊರಗೆ ಹಾಕುವುದು. ಚಡಿ ಸವೆದಷ್ಟೂ ನೀರು ಅಡಿಯಲ್ಲೇ ಉಳಿದು, ಟಯರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ಜಾರುತ್ತದೆ. ನಮ್ಮ ಮಳೆಗೆ 3 ಮಿಲಿಮೀಟರನ್ನೇ ಗಡಿಯೆಂದು ಇಟ್ಟುಕೊಳ್ಳುವುದು ಕ್ಷೇಮ. ಬೆಂಕಿಕಡ್ಡಿಯನ್ನು ಚಡಿಗೆ ಇಳಿಸಿ, ಉಗುರಿನಿಂದ ಗುರುತು ಮಾಡಿ, ಮಕ್ಕಳ ಸ್ಕೇಲಿನ ಮೇಲೆ ಇಟ್ಟರೆ ಅಳತೆ ಸಿಕ್ಕಿತು.

ಈ ಅಳತೆಯನ್ನು ಜೂನ್ ತಿಂಗಳಲ್ಲಿ ತೆಗೆಯುವುದರಲ್ಲಿ ಅರ್ಥವಿಲ್ಲ. ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸಿರುವ ಫೆಬ್ರವರಿ, ಮಾರ್ಚ್ ತಿಂಗಳಲ್ಲೇ ತೆಗೆದರೆ ನಾಲ್ಕು ಅಂಗಡಿ ವಿಚಾರಿಸಲು ಪುರಸೊತ್ತು ಇರುತ್ತದೆ. ಮಳೆ ಸುರಿಯತೊಡಗಿದ ಮೇಲೆ ಹೋದವನಿಗೆ ಅಂಗಡಿಯವರು ಹೇಳಿದ್ದೇ ಬೆಲೆ.

ಬೆಲೆಯ ಲೆಕ್ಕ

ಟಯರಿನ ಮೇಲಿನ ಗರಿಷ್ಠ ಮಾರಾಟ ಬೆಲೆಗೆ ಯಾರೂ ಮಾರುವುದಿಲ್ಲ. ಆದ್ದರಿಂದ "ನೂರಕ್ಕೆ ಇಪ್ಪತ್ತು ಕಡಿತ" ಎಂಬ ಬೋರ್ಡಿಗೆ ಮರುಳಾಗಬೇಕಾಗಿಲ್ಲ. ಕಡಿತ ಎಷ್ಟೆಂದು ಕೇಳದೆ, ಎಲ್ಲ ಸೇರಿ ಕೈಯಿಂದ ಹೋಗುವ ಮೊತ್ತ ಎಷ್ಟೆಂದು ಕೇಳಬೇಕು. ಜೋಡಣೆ, ಹೊಸ ವಾಲ್ವು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಇವು ಒಳಗೋ ಹೊರಗೋ? ಹಳೆಯ ಟಯರಿಗೆ ಏನು ಕೊಡುತ್ತಾರೆ?

ಉದಾಹರಣೆಗೆ ಅಂಕಿಗಳನ್ನು ನಾವೇ ಹಿಡಿದು ನೋಡೋಣ. ಒಂದು ಅಂಗಡಿ ಮೂರಕ್ಕೆ ಒಂದು ಉಚಿತ ಎನ್ನುತ್ತದೆ. ಒಂದಕ್ಕೆ 6,000ದಂತೆ ಮೂರಕ್ಕೆ 18,000 ರೂ. ಜೋಡಣೆ, ವಾಲ್ವು, ಬ್ಯಾಲೆನ್ಸಿಂಗಿಗೆ ಚಕ್ರಕ್ಕೆ 300ರಂತೆ 1,200, ಅಲೈನ್‌ಮೆಂಟಿಗೆ 500. ಒಟ್ಟು 19,700 ರೂ. ಇನ್ನೊಂದು ಅಂಗಡಿಯಲ್ಲಿ ಉಚಿತವೆಂಬ ಮಾತಿಲ್ಲ. ಜೋಡಣೆ, ಬ್ಯಾಲೆನ್ಸಿಂಗ್ ಸೇರಿ ಒಂದಕ್ಕೆ 4,900ರಂತೆ 19,600, ಅಲೈನ್‌ಮೆಂಟ್ 400, ಹಳೆಯ ನಾಲ್ಕಕ್ಕೆ 800 ಕಳೆದರೆ 19,200 ರೂ. ಉಚಿತವಿಲ್ಲದ ಅಂಗಡಿಯೇ 500 ರೂ. ಅಗ್ಗವಾಯಿತು. ಮೊಬೈಲಿನಲ್ಲಿ ತರಿಸುವವರೂ ಇದೇ ಲೆಕ್ಕ ಹಾಕಬೇಕು. ಜೋಡಿಸುವ ಅಂಗಡಿಯಲ್ಲಿ ತಾರೀಖು ನೋಡದೆ ರಿಮ್ಮಿಗೆ ಏರಿಸಲು ಬಿಡಬಾರದು.

ತೆರಿಗೆಯ ವಿಷಯ ಒಂದು ಮಾತು. ಹೊಸ ಕಾರು ಟಯರಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 5,000 ರೂ. ಇರುವ ಟಯರು ಹಿಂದೆ 6,400 ಆಗುತ್ತಿದ್ದುದು 5,900 ಆಗಬೇಕು. ನಾಲ್ಕಕ್ಕೆ 2,000 ರೂ. ವ್ಯತ್ಯಾಸ. ಹಳೆಯ ದರಪಟ್ಟಿ ತೋರಿಸಿ ಅದರಲ್ಲೇ ಕಡಿತ ಕೊಟ್ಟಂತೆ ಮಾಡಿದರೆ ಒಪ್ಪಬಾರದು. "ಬಿಲ್ಲಿಲ್ಲದೆ ಇನ್ನಷ್ಟು ಕಡಿಮೆ" ಎಂಬ ಮಾತಿಗೂ ಒಪ್ಪಬಾರದು. ಟಯರಿನ ಕ್ರಮಸಂಖ್ಯೆ ಬರೆದ ಬಿಲ್ಲಿಲ್ಲದಿದ್ದರೆ ತಯಾರಿಕೆಯ ದೋಷಕ್ಕೆ ವಾರಂಟಿ ಕೇಳುವುದು ಕಷ್ಟ. ನಮಗೆ ಆದದ್ದೂ ಅದೇ: ಬಿಲ್ಲು ಇರಲಿಲ್ಲ, ಕೇಳುವ ಬಾಯಿಯೂ ಇರಲಿಲ್ಲ.

ನೈಟ್ರೋಜನ್ ತುಂಬಿಸಲು ಬೇರೆ ಹಣ ಕೇಳಿದರೆ, ಸಾಧಾರಣ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ ಎಂಬುದು ನೆನಪಿರಲಿ. ಹದಿನೈದು ದಿನಕ್ಕೊಮ್ಮೆ ಟಯರು ತಣ್ಣಗಿರುವಾಗ ಗಾಳಿ ನೋಡಿಸಿದರೆ ಸಾಕು. ಗಾಳಿ ಕಡಿಮೆಯಾದರೆ ಅಂಚು ಸವೆಯುತ್ತದೆ, ಹೆಚ್ಚಾದರೆ ನಡು ಸವೆಯುತ್ತದೆ.

ಎಷ್ಟು ಓಡಿಸುತ್ತೀರಿ?

5,000 ರೂ.ಗೆ ಕೊಂಡದ್ದು 35,000 ಕಿ.ಮೀ. ಬಂದರೆ ಕಿ.ಮೀ.ಗೆ ಸುಮಾರು 14 ಪೈಸೆ. 6,300 ರೂ.ಗೆ ಕೊಂಡದ್ದು 50,000 ಕಿ.ಮೀ. ಬಂದರೆ 12.6 ಪೈಸೆ. ವರ್ಷಕ್ಕೆ 15,000 ಕಿ.ಮೀ. ಓಡಿಸುವ ಸದಸ್ಯರಿಗೆ ದುಬಾರಿಯದೇ ಅಗ್ಗ. ಆದರೆ ತೋಟ, ಸೊಸೈಟಿ, ಮದುವೆಮನೆ ಎಂದು ವರ್ಷಕ್ಕೆ 5,000 ಕಿ.ಮೀ. ಮಾತ್ರ ಓಡಿಸುವವರಿಗೆ ಮೊದಲನೆಯದೇ ಏಳು ವರ್ಷ ಬರುತ್ತದೆ. ಎರಡನೆಯದು ಸವೆಯಲು ಹತ್ತು ವರ್ಷ ಬೇಕು; ಅಷ್ಟರಲ್ಲಿ ರಬ್ಬರಿನ ಆಯುಸ್ಸೇ ಮುಗಿಯುತ್ತದೆ. ಇಂಥವರು ಹೆಚ್ಚು ಬಾಳಿಕೆಗೆ ಹಣ ತೆರುವ ಬದಲು ಹೊಸ ತಾರೀಖು ಮತ್ತು ಒದ್ದೆ ರಸ್ತೆಯಲ್ಲಿ ಒಳ್ಳೆಯ ಹಿಡಿತ ಇವೆರಡನ್ನೇ ನೋಡಿ ಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿಗೇ ಸೇರಿದವರು.

ಎರಡೇ ಕೊಳ್ಳುವುದಾದರೆ

ಕೈ ಬಿಗಿಯಾದ ವರ್ಷ ಎರಡೇ ಟಯರು ಕೊಳ್ಳುವುದು ತಪ್ಪಲ್ಲ. ಆದರೆ ಹೊಸ ಜೋಡಿಯನ್ನು ಮುಂದಕ್ಕೆ ಹಾಕುವುದು ನಮ್ಮಲ್ಲಿ ರೂಢಿ, ಅದು ಸರಿಯಲ್ಲ. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕಿರುವ ಕಾರಿನಲ್ಲೂ ಹೊಸತು ಹಿಂದಕ್ಕೇ ಇರಬೇಕು. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಲು ಅವಕಾಶವಿದೆ. ಹಿಂದಿನದು ಜಾರಿದರೆ ಬಂಡಿ ಬುಗುರಿಯಂತೆ ತಿರುಗುತ್ತದೆ, ಸ್ಟಿಯರಿಂಗ್ ಹಿಡಿದವನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಒಂದು ಸಲಹೆ

ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತನ್ನು ಒಬ್ಬೊಬ್ಬರೇ ಪೇಟೆಗೆ ಹೋಗಿ ಚೌಕಾಶಿ ಮಾಡುವುದಿಲ್ಲ. ಸಂಘದಿಂದ ಒಟ್ಟಿಗೆ ತರಿಸುತ್ತೇವೆ. ಟಯರಿಗೂ ಹಾಗೆಯೇ ಮಾಡಬಾರದೇಕೆ? ನಾಲ್ಕು ಟಯರಿನ ಗಿರಾಕಿಗೆ ವ್ಯಾಪಾರಿ ಅಂಗಡಿಯ ಮುಂದಿನ ಸಾಲಿನಿಂದ ತೆಗೆದುಕೊಡುತ್ತಾನೆ. ನೂರು ಟಯರಿನ ಗಿರಾಕಿಗೆ ಡಿಪೋದಿಂದ ಹೊಸ ತಾರೀಖಿನದನ್ನು ತರಿಸಿಕೊಡಲೇಬೇಕಾಗುತ್ತದೆ. ಬರುವ ಮಳೆಗಾಲದ ಮುನ್ನ ಟಯರು ಬೇಕಾಗಿರುವ ಸದಸ್ಯರು ತಮ್ಮ ಬಂಡಿಯ ಅಳತೆ, ಭಾರದ ಅಂಕಿ, ಬೇಕಾದ ಸಂಖ್ಯೆ ಇಷ್ಟನ್ನು ಚೀಟಿಯಲ್ಲಿ ಬರೆದು ಫೆಬ್ರವರಿ ಕೊನೆಯೊಳಗೆ ಸಂಘದ ಕಚೇರಿಗೆ ಕೊಟ್ಟರೆ, ಮೂರು ಕಡೆ ದರ ಕೇಳಿ ಆಡಳಿತ ಮಂಡಳಿಯ ಮುಂದಿಡಲು ನಾವು ಸಿದ್ಧರಿದ್ದೇವೆ. ದರಕ್ಕೆ ಮೊದಲು ಹಾಕುವ ಷರತ್ತು ಒಂದೇ: ಯಾವ ಟಯರೂ ಆರು ತಿಂಗಳಿಗಿಂತ ಹಳತಿರಬಾರದು.

ಚೀಟಿ ಬರೆಯುವ ನೆಪದಲ್ಲಾದರೂ ಪ್ರತಿಯೊಬ್ಬರೂ ಒಮ್ಮೆ ಅಂಗಳಕ್ಕಿಳಿದು, ಬಗ್ಗಿ, ಐದೂ ಟಯರುಗಳ ತಾರೀಖು ಓದಿದರೆ ಈ ಲೇಖನ ಬರೆದದ್ದು ಸಾರ್ಥಕ. ನಾವು ಅದನ್ನು ಓದಿದ್ದು ಘಟ್ಟದ ಮಳೆಯಲ್ಲಿ. ನೀವು ಮನೆಯಂಗಳದಲ್ಲೇ ಓದಿರಿ.